ಎರೆಮಣ್ಣಿನ ಹಿತ್ತಲಲ್ಲಿ ಟರ್ಫ್ ಹಾಸುವ ಮುನ್ನ

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆ ಹತ್ತಿರ ನಮ್ಮ ಮನೆ. ಹಿತ್ತಲಲ್ಲಿ 50 ಅಡಿ ಉದ್ದ, 25 ಅಡಿ ಅಗಲದ ಜಾಗ ಖಾಲಿ ಇದೆ. ಪೂರ್ತಿ ಎರೆಮಣ್ಣು. ಮಕ್ಕಳು ಕ್ರಿಕೆಟ್, ಬ್ಯಾಡ್ಮಿಂಟನ್ ಎರಡೂ ಆಡುತ್ತಾರೆ. ನೆಲ ಸಮ ಮಾಡಿ, 4 ಇಂಚು ಖಡಿ ಹಾಕಿ, ವಾರದೊಳಗೆ ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲು, ಹಾಸಿ ಕೊಡ್ತೀನಿ ಅಂತ ಗುತ್ತಿಗೆದಾರರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಲಾ ಸರ್?

ಉತ್ತರ: ಒಪ್ಪಿಕೊಳ್ಳಬೇಡಿ. ನಿಮ್ಮ ದುಡ್ಡು ಉಳಿಯುವುದೂ ಹೋಗುವುದೂ ಹುಲ್ಲಿನ ಕೆಳಗೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. 4 ಇಂಚು ಖಡಿ ಇದನ್ನು ತಡೆಯೋದಿಲ್ಲ. ಒಂದೆರಡು ಮಳೆಗಾಲ ಕಳೆದರೆ ಅಂಕಣದಲ್ಲಿ ಉಬ್ಬುತಗ್ಗು ಕಾಣುತ್ತವೆ, ಜೋಡಣೆ ಬಿಡುತ್ತದೆ, ಓಡುವ ಮಗುವಿನ ಕಾಲು ಉಳುಕುತ್ತದೆ.

ಮೊದಲು ಮಣ್ಣು ಪರೀಕ್ಷೆ ಮಾಡಿ. ಒಂದು ಅಡಿ ಕೆಳಗಿನ ಮಣ್ಣು ತೆಗೆದು, ಒಣಗಿಸಿ, ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಒಂದೇ ಅಳತೆಯ ಎರಡು ಗಾಜಿನ ಲೋಟಕ್ಕೆ ಎರಡೆರಡು ಚಮಚ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ ಸುರಿದು ಕಲಕಿ, ಒಲೆಯಿಂದ, ಮಕ್ಕಳ ಕೈಯಿಂದ ದೂರ ಇಡಿ. ಮರುದಿನ ನೋಡಿ. ಎಣ್ಣೆಯಲ್ಲಿ ಮಣ್ಣು ಉಬ್ಬೋದಿಲ್ಲ, ಸುಮ್ನೆ ಕೆಳಗೆ ಕೂತಿರುತ್ತದೆ. ನೀರಿನ ಲೋಟದಲ್ಲಿ ಮಣ್ಣಿನ ಮಟ್ಟ ಅದಕ್ಕಿಂತ ಒಂದೂವರೆ ಪಟ್ಟು ದಾಟಿದ್ದರೆ ಮಣ್ಣನ್ನು ಅಗೆದು ಹೊರಗೆ ಹಾಕಲೇಬೇಕು. ಪ್ರಯೋಗಾಲಯದಲ್ಲಿ ಮಾಡುವುದೂ ಇದೇ ಪರೀಕ್ಷೆ, ಅಳತೆ ಮಾತ್ರ ಇನ್ನೂ ಕರಾರುವಾಕ್ಕು.

ಒಂದೂವರೆ ಅಡಿ ಅಗೆಸಿ. ನಿಮ್ಮ ಜಾಗಕ್ಕೆ 1,875 ಘನ ಅಡಿ, ಅಂದರೆ ಸುಮಾರು 19 ಬ್ರಾಸ್ ಮಣ್ಣು (100 ಘನ ಅಡಿಗೆ ಒಂದು ಬ್ರಾಸ್). ಆ ಗುಂಡಿಗೆ ಬರೀ ಉಸುಕು ಅಥವಾ ಬರೀ ಖಡಿ ತುಂಬಿಸಬೇಡಿ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಸಂದುಗಳಲ್ಲಿ ಇಳಿದ ನೀರು ತಳದಲ್ಲಿ ನಿಂತು, ಕೆಳಗಿನ ಎರೆ ಅದನ್ನೇ ಕುಡಿದು ಮತ್ತೆ ಉಬ್ಬುತ್ತದೆ. ಸ್ವಲ್ಪ ಜಿಗುಟಿರುವ, ಆದರೆ ಉಬ್ಬದ ಕೆಂಪು ಗರಸು ತರಿಸಿ. 6 ಇಂಚಿನ ಒಂದೊಂದು ಪದರ ಹಾಕಿ, ನೀರು ಚಿಮುಕಿಸಿ, ರೋಲರ್ ಹೊಡೆಸಿ, ಆಮೇಲೆ ಮುಂದಿನದು. ಉಬ್ಬುವ ಮಣ್ಣನ್ನು ಉಬ್ಬದ ಜಿಗುಟು ಮಣ್ಣಿನಿಂದ ಹಿಡಿದಿಡುವ ಈ ಉಪಾಯದ ಮೇಲೆ ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ದೊಡ್ಡ ಕೆಲಸ ಮಾಡಿದ್ದಾರೆ. ನಮ್ಮ ಮಲಪ್ರಭಾ ಕಾಲುವೆಯ ಎರೆ ಭೂಮಿಯಲ್ಲೂ ಅದನ್ನು ಬಳಸಲಾಗಿದೆ. ಕಾಲುವೆಯನ್ನೇ ಕಾದದ್ದು ನಿಮ್ಮ ಹಿತ್ತಲನ್ನು ಕಾಯದಿರುತ್ತಾ?

ಗರಸಿನ ಮೇಲ್ಮೈಗೇ ಇಳಿಜಾರು ಕೊಡಿ, 100 ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ. ಟರ್ಫಿನ 21 ಅಡಿ ಅಗಲಕ್ಕೆ ಎರಡೂವರೆ ಇಂಚು ಸಾಕು. ಟರ್ಫಿನ ತೂತುಗಳಿಂದ ಇಳಿದ ನೀರು ಭೂಮಿಗೆ ಹೋಗದೆ ಪಕ್ಕದ ಗಟಾರಕ್ಕೆ ಹೋಗಬೇಕು. ಗರಸಿನ ಮೇಲೆ 4 ಇಂಚು ಖಡಿ, ಒಂದು ಇಂಚು ಕ್ರಷರ್ ಪುಡಿ, ಎರಡಕ್ಕೂ ರೋಲರ್. ಟರ್ಫ್ 46ಕ್ಕೆ 21 ಅಡಿ ಇರಲಿ. ಸುತ್ತ ಉಳಿಯುವ ಎರಡೆರಡು ಅಡಿಯಲ್ಲೂ ಗರಸೇ ಇರಬೇಕು. ಅಂಚಿಗೆ ಹೊಂದಿಕೊಂಡು ಹೂವಿನ ಮಡಿ ಬೇಡ, ತಾರಸಿ ನೀರಿನ ಪೈಪೂ ಬೇಡ. ಕಾಂಪೌಂಡ್ ಗೋಡೆಯ ತಳಪಾಯದ ಪಕ್ಕ ಅಗೆಯುವಾಗ ಎಂಜಿನಿಯರನ್ನು ನಿಲ್ಲಿಸಿಕೊಳ್ಳಿ.

ಕೆಲಸ ದೀಪಾವಳಿ ಮುಗಿದ ಮೇಲೆ ಶುರುಮಾಡಿ, ಸಂಕ್ರಾಂತಿಯೊಳಗೆ ಮುಗಿಸಿ. ಆಗ ಮಣ್ಣು ತೀರಾ ಹಸಿಯೂ ಅಲ್ಲ, ಬಿರುಕು ಬಿಟ್ಟಿರುವುದೂ ಇಲ್ಲ.

ಆಟದ ಮಾತು. ಬ್ಯಾಡ್ಮಿಂಟನ್ ಅಂಕಣ 44ಕ್ಕೆ 20 ಅಡಿ, ಹಿಡಿಸುತ್ತದೆ. ಕ್ರಿಕೆಟ್ ಪಿಚ್ 66 ಅಡಿ, ಹಿಡಿಸೋದಿಲ್ಲ. ನೆಟ್ ಕಟ್ಟಿ ಟೆನಿಸ್ ಬಾಲಿನಲ್ಲಿ ಬ್ಯಾಟಿಂಗ್ ಅಭ್ಯಾಸ ಮಾಡಬಹುದು. ಎರಡಕ್ಕೂ 15 ಮಿ.ಮೀ. ಆಸುಪಾಸಿನ ಗಿಡ್ಡ ಹುಲ್ಲು ಆರಿಸಿ. 40–50 ಮಿ.ಮೀ. ಹುಲ್ಲು ಫುಟ್‌ಬಾಲಿಗೆ ಆಗುವಂಥದ್ದು, ಅದರಲ್ಲಿ ಚೆಂಡು ಪುಟಿಯೋದಿಲ್ಲ. ಮಗ ಅಥವಾ ಮಗಳು ಬ್ಯಾಡ್ಮಿಂಟನ್ನನ್ನೇ ಗಂಭೀರವಾಗಿ ಕಲಿಯುವವರಾದರೆ ಟರ್ಫ್ ಬೇಡ, ಕಾಲು ಜಾರಿಸಿ ಆಡಲು ಅದು ಬಿಡೋದಿಲ್ಲ. ಒಳಾಂಗಣಕ್ಕೇ ಕಳಿಸಿ.

ಪ್ರಶ್ನೆ: ನಮ್ಮದು ಧಾರವಾಡ, ಕೆಂಪು ಮಣ್ಣು. ನಮಗೂ ಇಷ್ಟೆಲ್ಲ ಅಗೆತ ಬೇಕಾ? ಹುಲ್ಲಿನ ನಡುವೆ ಕಪ್ಪು ರಬ್ಬರ್ ಕಾಳು ತುಂಬಿಸ್ತೀವಿ ಅಂತಾರೆ, ಒಳ್ಳೆಯದಾ?

ಉತ್ತರ: ಲೋಟದ ಪರೀಕ್ಷೆಯಲ್ಲಿ ಮಣ್ಣು ಉಬ್ಬದಿದ್ದರೆ ಅಷ್ಟು ಬೇಡ. ಬೇರು, ಕಸ ಇರುವ ಮೇಲಿನ ಅರ್ಧ ಅಡಿ ತೆಗೆದು, ರೋಲರ್ ಹೊಡೆದು, ಖಡಿ ಹಾಕಿದರೆ ಸಾಕು. ಇಳಿಜಾರು ಮಾತ್ರ ನಿಮಗೂ ಬೇಕೇ ಬೇಕು.

ರಬ್ಬರ್ ಕಾಳು ಮನೆಗೆ ಬೇಡ. ಹಳೇ ಟೈರಿನಿಂದ ಮಾಡಿದ್ದು, ಬಿಸಿಲಿಗೆ ಕಾಯುತ್ತದೆ, ಮಳೆಗೆ ಹರಿದು ಗಟಾರ ಸೇರುತ್ತದೆ. ಯುರೋಪಿಯನ್ ಒಕ್ಕೂಟ ಇದರ ಮಾರಾಟ ನಿಲ್ಲಿಸಲು 2023ರಲ್ಲಿ ನಿಯಮ ತಂದು 8 ವರ್ಷದ ಗಡುವು ಕೊಟ್ಟಿದೆ. ಸಿಲಿಕಾ ಉಸುಕು ಹಾಕಿಸಿ. ಏನೇ ಹಾಕಿದರೂ ಏಪ್ರಿಲ್, ಮೇ ಮಧ್ಯಾಹ್ನ ಪ್ಲಾಸ್ಟಿಕ್ ಹುಲ್ಲು 60 ಡಿಗ್ರಿ ದಾಟಬಹುದು. ಬರಿಗಾಲಲ್ಲಿ ಬಿಡಬೇಡಿ. ಬೆಳಿಗ್ಗೆ 9ರೊಳಗೆ, ಸಂಜೆ 5ರ ಮೇಲೆ ಆಡಲಿ.