ತಾನೂ ಓಡಿಸಲ್ಲ, ಬೇರೆಯವರಿಗೂ ಬಿಡಲ್ಲ: ಒಂದು ಹಾಲ್ಟಿಂಗ್ ಬಸ್ಸಿನ ಪ್ರಶ್ನೆ

ಓದುಗರ ಪತ್ರದ ಸಾರ: "ರಾತ್ರಿ ನಮ್ಮೂರಿಗೆ ಬಂದು ತಂಗಿ, ಬೆಳಿಗ್ಗೆ ಆರಕ್ಕೆ ಹೊರಡುತ್ತಿದ್ದ ಕೆಂಪು ಬಸ್ಸನ್ನು ಕಳೆದ ವರ್ಷ ನಿಲ್ಲಿಸಿದರು. ಕಲೆಕ್ಷನ್ ಇಲ್ಲ ಅಂತಾರೆ. ಊರಿನವರೇ ಒಬ್ಬರು ಮಿನಿ ಬಸ್ ಹಾಕಲು ಮುಂದೆ ಬಂದರು. ಅವರಿಗೆ ಪರ್ಮಿಟ್ ಸಿಗಲ್ಲ ಅಂದರು. ತಾನೂ ಓಡಿಸಲ್ಲ, ಬೇರೆಯವರಿಗೂ ಬಿಡಲ್ಲ, ಇದೆಂಥ ಕಾನೂನು? ಟಿಕೆಟ್ ದರ ಏರಿಸಿದರೂ ನಿಗಮಕ್ಕೆ ನಷ್ಟವಂತೆ. ಶಾಸಕರನ್ನು ಕೇಳಿದರೆ ಡಿಪೊ ಕಡೆ ಕೈ ತೋರಿಸುತ್ತಾರೆ, ಡಿಪೊದವರು ಬೆಂಗಳೂರಿನ ಕಡೆ. ನಾವು ಯಾರನ್ನು ಕೇಳಬೇಕು?"

ಮಾನ್ಯರೇ,

ನಿಮ್ಮ ಪತ್ರದ ಜೊತೆ ಊರಿನ ನಲವತ್ತು ಜನರ ಸಹಿಯೂ ಇತ್ತು. ಅದಕ್ಕೇ ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಪರ್ಮಿಟ್ ವಿಷಯ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಬಸ್ಸುಗಳು ಮುಖ್ಯವಾಗಿ ಎರಡು ಬಗೆ. ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುತ್ತಾ, ಒಬ್ಬೊಬ್ಬರಿಂದ ಬೇರೆ ಬೇರೆ ಟಿಕೆಟ್ ಹಣ ಪಡೆಯುವುದು ಸ್ಟೇಜ್ ಕ್ಯಾರೇಜ್. ಮದುವೆಗೋ ಪ್ರವಾಸಕ್ಕೋ ಇಡೀ ಬಸ್ಸನ್ನೇ ಗೊತ್ತು ಮಾಡಿಕೊಂಡು ಹೋಗುವುದು ಕಾಂಟ್ರಾಕ್ಟ್ ಕ್ಯಾರೇಜ್. ಎರಡಕ್ಕೂ ಬೇರೆ ಬೇರೆ ಪರ್ಮಿಟ್ ಬೇಕು. ನಿಮ್ಮೂರಿನವರು ಕೇಳಿದ್ದು ಮೊದಲನೆಯದನ್ನು. ಜಿಲ್ಲೆಯಲ್ಲಿ ಅದನ್ನು ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅಂದರೆ ಆರ್‌ಟಿಎ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ.

ಅದೇ ಕಾಯ್ದೆಯ 80ನೇ ಕಲಂ, ಪರ್ಮಿಟ್ ಕೇಳಿದವರಿಗೆ ಸಾಮಾನ್ಯವಾಗಿ ಇಲ್ಲ ಅನ್ನಬಾರದು ಎನ್ನುತ್ತದೆ. ಹಾಗಿದ್ದರೆ ಇಲ್ಲಿ ಯಾಕೆ ಇಲ್ಲ ಅಂದರು? ಯಾಕೆಂದರೆ ಕಾಯ್ದೆಯ 6ನೇ ಅಧ್ಯಾಯ ಉಳಿದ ಕಲಂಗಳಿಗಿಂತ ಮೇಲೆ ನಿಲ್ಲುತ್ತದೆ. ಅದರ ಪ್ರಕಾರ ರಾಜ್ಯ ಸರ್ಕಾರ ಒಂದು ದಾರಿಯನ್ನೋ ಇಡೀ ಪ್ರದೇಶವನ್ನೋ ಸರ್ಕಾರಿ ಸಾರಿಗೆ ಸಂಸ್ಥೆಗೇ ಮೀಸಲಿಡಬಹುದು. ಅದಕ್ಕೆ 'ಸ್ಕೀಮ್' ಅಂತಾರೆ. ಕೋಲಾರ ಸ್ಕೀಮ್, ಆನೇಕಲ್ ಸ್ಕೀಮ್, ಬಳ್ಳಾರಿ ಸ್ಕೀಮ್ ಅಂತ ಹಳೆಯ ಬಸ್ ಮಾಲೀಕರು ಇವತ್ತಿಗೂ ಮಾತಾಡುವುದು ಇವುಗಳನ್ನೇ. ಸ್ಕೀಮ್ ಇರುವ ದಾರಿಯಲ್ಲಿ ಸ್ಕೀಮಿನಲ್ಲಿ ಬರೆದಿರುವಷ್ಟು ಬಿಟ್ಟರೆ ಬೇರೆ ಪರ್ಮಿಟ್ ಕೊಡುವ ಹಾಗಿಲ್ಲ.

ಈ ಅಧಿಕಾರ ಸರ್ಕಾರಕ್ಕೆ ಸುಮ್ನೆ ಸಿಕ್ಕಿದ್ದಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಉತ್ತರ ಪ್ರದೇಶ ಸರ್ಕಾರ ಬಸ್ ಸಾರಿಗೆಯನ್ನು ತಾನೇ ನಡೆಸಲು ಒಂದು ಕಾನೂನು ಮಾಡಿತು. ಖಾಸಗಿ ಮಾಲೀಕರು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಅಷ್ಟರಲ್ಲಿ 1951ರ ಮೊದಲ ತಿದ್ದುಪಡಿ ಸಂವಿಧಾನಕ್ಕೆ ಬಂದಿತ್ತು. ಕಾನೂನಿನ ಮೂಲಕ ಸರ್ಕಾರ ಒಂದು ಉದ್ಯಮವನ್ನು ಪೂರ್ತಿಯಾಗಿ ತಾನೇ ನಡೆಸಬಹುದು ಅಂತ ಅದು ಹೇಳಿತು. 1956ರಲ್ಲಿ ಹಳೆಯ ಮೋಟಾರು ಕಾಯ್ದೆಗೆ ಹೊಸ ಅಧ್ಯಾಯವೊಂದು ಸೇರಿತು. ಈಗಿನ 6ನೇ ಅಧ್ಯಾಯದ ಮೂಲ ಅದು.

ಇನ್ನೊಂದು ತೀರ್ಪು ನನಗೆ ತುಂಬಾ ಇಷ್ಟ. ಆಂಧ್ರದಲ್ಲಿ ಬಸ್ ದಾರಿಗಳ ರಾಷ್ಟ್ರೀಕರಣಕ್ಕೆ ಬಂದ ಆಕ್ಷೇಪಣೆಗಳನ್ನು ಇಲಾಖೆಯ ಕಾರ್ಯದರ್ಶಿ ಕೂತು ಕೇಳಿದರು. ತೀರ್ಮಾನ ಮಾಡಿದ್ದು ಮಾತ್ರ ಮುಖ್ಯಮಂತ್ರಿ. 1958ರಲ್ಲಿ ಗುಲ್ಲಪಲ್ಲಿ ನಾಗೇಶ್ವರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕೇಳುವವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರಾದರೆ ವಿಚಾರಣೆಗೆ ಅರ್ಥವೇ ಇಲ್ಲ ಅಂದಿತು. ನೀವು ಅನುಭವಿಸುತ್ತಿರುವುದೂ ಅದನ್ನೇ ಅಲ್ವಾ? ನಿಮ್ಮ ಮಾತು ಕೇಳಿಸಿಕೊಳ್ಳುವ ಡಿಪೊ ಮ್ಯಾನೇಜರ್‌ಗೆ ತೀರ್ಮಾನದ ಅಧಿಕಾರ ಇಲ್ಲ. ಅಧಿಕಾರ ಇರುವವರು ನಿಮ್ಮ ಮಾತು ಕೇಳಿಲ್ಲ.

ಕರಾವಳಿಯಲ್ಲಿ ಖಾಸಗಿ ಬಸ್ ಅಷ್ಟೊಂದು ಇವೆ, ನಮ್ಮಲ್ಲಿ ಯಾಕಿಲ್ಲ ಅಂತ ಪತ್ರದ ಕೊನೆಗೆ ಕೇಳಿದ್ದೀರಿ. ಅದಕ್ಕೆ ಕಾರಣ ಚರಿತ್ರೆ. ಹಳೆಯ ಮೈಸೂರಿನಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಇಲಾಖೆ ಶುರುವಾಯಿತು. ಕಲಬುರಗಿ, ರಾಯಚೂರು, ಬೀದರ್ ಕಡೆ ನಿಜಾಮರ ಕಾಲದ ಸರ್ಕಾರಿ ಬಸ್ ವ್ಯವಸ್ಥೆ ಇತ್ತು, 1932ರಲ್ಲಿ ಅವರ ರೈಲ್ವೆಯ ಅಂಗವಾಗಿ ಹುಟ್ಟಿದ್ದು. ಬೆಳಗಾವಿ, ಧಾರವಾಡದ ಕಡೆ ಮುಂಬೈ ರಾಜ್ಯದ ಸಾರಿಗೆ. ದಕ್ಷಿಣ ಕನ್ನಡ ಮದ್ರಾಸಿನಿಂದ ಬಂತು, ಅಲ್ಲಿ ಖಾಸಗಿಯವರೇ ಬೇರೂರಿದ್ದರು. ರಾಜ್ಯ ಒಂದಾದ ಮೇಲೆ 1961ರ ಆಗಸ್ಟ್ 1ರಂದು ನಿಗಮ ಹುಟ್ಟಿತು. 1997ರಲ್ಲಿ ಬೆಂಗಳೂರಿಗೂ ವಾಯವ್ಯ ಕರ್ನಾಟಕಕ್ಕೂ ಬೇರೆ ನಿಗಮಗಳಾದವು. 2000ದಲ್ಲಿ ಈಶಾನ್ಯ ಕರ್ನಾಟಕದ್ದು ಬಂತು, ಈಗ ಅದರ ಹೆಸರು ಕಲ್ಯಾಣ ಕರ್ನಾಟಕ. ಮಲೆನಾಡಿನ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯೂ ಒಂದಿತ್ತು. 1991ರಿಂದ 2020ರವರೆಗೆ ಓಡಿತು. ಅದು ನಿಂತಿದ್ದು ನನಗೆ ಇವತ್ತಿಗೂ ಬೇಸರ. ಯಾಕೆಂದರೆ ಸರ್ಕಾರಿ, ಖಾಸಗಿ ಎರಡೂ ಅಲ್ಲದ ದಾರಿ ಇದೆ ಅಂತ ಅದು ಓಡಿಸಿಯೇ ತೋರಿಸಿತ್ತು.

ಈಗ ದುಡ್ಡಿನ ವಿಷಯ. ನಿಮ್ಮ ಬಸ್ ನಿಂತಿದ್ದಕ್ಕೆ ನಿಜವಾದ ಕಾರಣ ಇಲ್ಲಿದೆ ಅಂತ ನನ್ನ ನಂಬಿಕೆ.

ನಿಗಮಗಳು ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಪ್ರಕಾರ. ಅದರ 18ನೇ ಕಲಂ ಪ್ರಕಾರ ಜನರಿಗೆ ಸಾಕಾಗುವಷ್ಟು, ದಕ್ಷವಾದ, ಮಿತವ್ಯಯದ, ಒಂದಕ್ಕೊಂದು ಹೊಂದುವ ಬಸ್ ಸೇವೆ ಕೊಡುವುದು ನಿಗಮದ ಕರ್ತವ್ಯ. 22ನೇ ಕಲಂ ಪ್ರಕಾರ ನಿಗಮ ವ್ಯಾಪಾರದ ತತ್ವದ ಮೇಲೆ ನಡೆಯಬೇಕು. 34ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ನಿಗಮಕ್ಕೆ ನಿರ್ದೇಶನ ಕೊಡಬಹುದು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಹತ್ತು ಜನ ಬರುವ ಊರಿಗೂ ಬಸ್ ಬಿಡಬೇಕು. ಅಂಗಡಿಯ ಹಾಗೆ ಲೆಕ್ಕ ಸರಿದೂಗಿಸಬೇಕು. ದರ, ರಿಯಾಯಿತಿ, ಸಂಬಳದ ವಿಷಯದಲ್ಲಿ ಸರ್ಕಾರ ಹೇಳಿದ ಹಾಗೆ ಕೇಳಬೇಕು. ಆದರೆ ಸರ್ಕಾರದ ನಿರ್ದೇಶನದಿಂದ ಬೀಳುವ ಖರ್ಚನ್ನು ಸರ್ಕಾರವೇ ತುಂಬಬೇಕು ಅಂತ 34ನೇ ಕಲಂನಲ್ಲಿ ಬರೆದಿಲ್ಲ.

ಹಾಗಾದರೆ ಹಳ್ಳಿ ಬಸ್ಸಿನ ಖರ್ಚು ಹುಟ್ಟುತ್ತಿದ್ದದ್ದು ಎಲ್ಲಿಂದ? ಜಾಸ್ತಿ ಜನ ಓಡಾಡುವ ದೊಡ್ಡ ದಾರಿಗಳಿಂದ. ಅಲ್ಲಿ ಉಳಿದಿದ್ದರಲ್ಲಿ ಹಳ್ಳಿಯ ಟ್ರಿಪ್ ಓಡುತ್ತಿತ್ತು. ಸ್ಕೀಮಿನ ಹಿಂದಿದ್ದ ಒಪ್ಪಂದವೇ ಇದು: ನಿಗಮಕ್ಕೆ ಲಾಭದ ದಾರಿಯನ್ನು ಮೀಸಲಿಡುತ್ತೇವೆ, ಅದು ನಷ್ಟದ ದಾರಿಯಲ್ಲೂ ಓಡಿಸಲಿ. ಈಗ ದೊಡ್ಡ ಊರುಗಳ ನಡುವೆ ರಾತ್ರಿ ಹೊತ್ತು ಪ್ರವಾಸಿ ಪರ್ಮಿಟ್ ಇಟ್ಟುಕೊಂಡ ಬಸ್ಸುಗಳು ಒಬ್ಬೊಬ್ಬರಿಗೂ ಸೀಟು ಮಾರುತ್ತವೆ. ಕಾಗದದ ಮೇಲೆ ಅದು ಕಾಂಟ್ರಾಕ್ಟ್ ಕ್ಯಾರೇಜ್, ರಸ್ತೆಯಲ್ಲಿ ಸ್ಟೇಜ್ ಕ್ಯಾರೇಜ್. ಪ್ರಯಾಣಿಕರದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಅವರಿಗೆ ಬೇಕಾದ ಹೊತ್ತಿಗೆ ಬಸ್ ಸಿಗುತ್ತದೆ. ಆದರೆ ಲಾಭದ ದಾರಿ ಸೋರಿದಾಗ ಮೊದಲು ನಿಲ್ಲುವುದು ನಿಮ್ಮ ಹಾಲ್ಟಿಂಗ್ ಬಸ್. ಡಿಪೊದಲ್ಲಿ ಪ್ರತಿ ಷೆಡ್ಯೂಲಿಗೂ ಕಿಲೋಮೀಟರಿಗೆ ಎಷ್ಟು ಕಲೆಕ್ಷನ್ ಬಂತು ಅಂತ ಲೆಕ್ಕ ಇಡುತ್ತಾರೆ. ಆ ಪಟ್ಟಿಯ ತಳದಲ್ಲಿರುವ ಬಸ್ಸಿನ ಮೇಲೆ ಎಲ್ಲರ ಕಣ್ಣು.

ಮಹಿಳೆಯರ ಉಚಿತ ಪ್ರಯಾಣದಿಂದಲೇ ಹೀಗಾಯಿತು ಅಂತ ನಿಮ್ಮೂರಿನಲ್ಲಿ ಕೆಲವರು ಹೇಳುತ್ತಾರಂತೆ. ಅದನ್ನು ನಾನು ಒಪ್ಪುವುದಿಲ್ಲ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ, ಅದರ ಹಣವನ್ನು ಸರ್ಕಾರ ನಿಗಮಕ್ಕೆ ಕೊಡಬೇಕು. ಅಂದರೆ ಆ ಪ್ರಯಾಣ ಪುಕ್ಕಟೆ ಅಲ್ಲ, ಟಿಕೆಟ್ ತೆಗೆದುಕೊಳ್ಳುವವರು ಬದಲಾಗಿದ್ದಾರೆ ಅಷ್ಟೇ. 2025ರ ಜುಲೈ ಹೊತ್ತಿಗೆ 500 ಕೋಟಿ ಪ್ರಯಾಣ ದಾಟಿತು. ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋದ ಹೆಣ್ಣುಮಕ್ಕಳು ಇವರೆಲ್ಲ. ಇಂಥ ಯೋಜನೆ ಬೇಕು ಅಂತಲೇ ನನ್ನ ಅಭಿಪ್ರಾಯ. ಸರ್ಕಾರ ತನ್ನ ಪಾಲನ್ನು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕೊಡುವುದು ಮುಖ್ಯ. ವಿದ್ಯಾರ್ಥಿ ಪಾಸಿಗೂ ಇದೇ ಮಾತು. ಕೊಡುವುದು ತಡವಾದಷ್ಟು ದಿನ ನಿಗಮ ಸಾಲದಲ್ಲಿ ಡೀಸೆಲ್ ಹಾಕಿಸಬೇಕು. ಆ ಡೀಸೆಲ್ ಜಿಎಸ್‌ಟಿಯ ಹೊರಗಿದೆ, ಅದರ ಮೇಲೆ ಕೇಂದ್ರದ ಸುಂಕವೂ ರಾಜ್ಯದ ತೆರಿಗೆಯೂ ಇವೆ. ಒಂದು ಕೈಯಲ್ಲಿ ಕೊಟ್ಟದ್ದರಲ್ಲಿ ಸ್ವಲ್ಪ ಇನ್ನೊಂದು ಕೈಗೆ ವಾಪಸ್ ಹೋಗುತ್ತದೆ.

ಟಿಕೆಟ್ ದರವನ್ನು ಯಾರು ಗೊತ್ತು ಮಾಡುತ್ತಾರೆ? ಮೋಟಾರು ವಾಹನ ಕಾಯ್ದೆಯ 67ನೇ ಕಲಂ ಆ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. 2025ರ ಜನವರಿ 5ರಿಂದ ನಾಲ್ಕೂ ನಿಗಮಗಳ ದರ ಶೇ. 15ರಷ್ಟು ಏರಿದ್ದು ಸಚಿವ ಸಂಪುಟದ ತೀರ್ಮಾನದಿಂದ. ವರ್ಷಗಟ್ಟಲೆ ಏರಿಸದೆ ಇದ್ದು, ಆಮೇಲೆ ಒಂದೇ ಸಲ ಏರಿಸಿದರೆ ಜನರಿಗೂ ಕಷ್ಟ, ನಿಗಮಕ್ಕೂ ಕಷ್ಟ. ಮೆಟ್ರೊಗೆ ಬೇರೆ ಕಾನೂನು ಇದೆ. 2002ರ ಮೆಟ್ರೊ ರೈಲು ಕಾಯ್ದೆಯ ಪ್ರಕಾರ ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಯ ಅಧ್ಯಕ್ಷತೆಯ ಸಮಿತಿ ದರ ಹೇಳಬೇಕು, ಆ ಮಾತಿಗೆ ಮೆಟ್ರೊ ನಿಗಮ ಬದ್ಧ. ರೈಲಿನ ದರ ದೆಹಲಿಯ ಕೈಯಲ್ಲಿ. ಒಂದೇ ದಿನ ಬಸ್ಸು, ಮೆಟ್ರೊ, ರೈಲು ಮೂರನ್ನೂ ಹತ್ತುವವರ ದುಡ್ಡನ್ನು ಮೂರು ಕಡೆ ಮೂರು ರೀತಿ ಗೊತ್ತು ಮಾಡುತ್ತಾರೆ. ನ್ಯಾಯಮೂರ್ತಿ ಸಮಿತಿಯಿಂದ ದರ ಕಡಿಮೆಯಾಗುತ್ತದೆ ಅಂತೇನಿಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿದಾಗ ಬೆಂಗಳೂರಿನವರು ಅದನ್ನು ನೋಡಿದ್ದಾರೆ.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ನಗರಗಳಿಗೆ ಈಗ ಬರುತ್ತಿರುವ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಜಾಸ್ತಿ ಪಾಲು ನಿಗಮದ ಸ್ವಂತದ್ದಲ್ಲ. ಕಂಪನಿಯೊಂದು ಬಸ್ ತಂದು, ಚಾಲಕರನ್ನೂ ಇಟ್ಟು ಓಡಿಸುತ್ತದೆ. ನಿಗಮ ಕಿಲೋಮೀಟರಿಗೆ ಇಷ್ಟು ಅಂತ ಹಣ ಕೊಡುತ್ತದೆ. ಜನ ಹತ್ತಲಿ ಬಿಡಲಿ, ಬಸ್ ಓಡಿದರೆ ಕಂಪನಿಗೆ ದುಡ್ಡು. ನಿಗಮ ತಡ ಮಾಡಿದರೂ ಕಂಪನಿಗೆ ತೊಂದರೆ ಆಗಬಾರದು ಅಂತ ಕೇಂದ್ರ ಸರ್ಕಾರ 2024ರಲ್ಲಿ 3,435 ಕೋಟಿ ರೂಪಾಯಿಯ ಪಾವತಿ ಖಾತರಿ ಯೋಜನೆಯನ್ನೇ ಮಾಡಿತು. ತಪ್ಪು ಅಂತ ನಾನು ಹೇಳುತ್ತಿಲ್ಲ, ಖಾತರಿ ಇಲ್ಲದೆ ಯಾರೂ ಬಸ್ ತರುವುದಿಲ್ಲ. ಆದರೆ ಅದೇ ನ್ಯಾಯ ನಿಮ್ಮೂರಿನ ಬಸ್ಸಿಗೆ ಯಾಕಿಲ್ಲ? "ಈ ಊರಿಗೆ ದಿನಕ್ಕೆ ಎರಡು ಟ್ರಿಪ್ ಬೇಕು, ಕಲೆಕ್ಷನ್‌ಗಿಂತ ಜಾಸ್ತಿ ಆಗುವ ಖರ್ಚು ಇಷ್ಟು, ಅದನ್ನು ಸರ್ಕಾರ ಇಂಥ ತಾರೀಖಿನೊಳಗೆ ಕೊಡುತ್ತದೆ" ಅಂತ ಸರ್ಕಾರವೂ ನಿಗಮವೂ ಬರೆದು ಸಹಿ ಹಾಕಲಿ. ಯುರೋಪಿನಲ್ಲಿ 2009ರ ಡಿಸೆಂಬರಿನಿಂದ ಜಾರಿಯಲ್ಲಿರುವ 1370/2007 ಎಂಬ ನಿಯಮ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಲಾಭವಿಲ್ಲದ ಸೇವೆಯನ್ನು ಸರ್ಕಾರ ಬೇಕೆಂದು ಕೇಳಿ, ಅದಕ್ಕೆ ಹಣ ಕೊಡುವುದಾದರೆ, ಅಲ್ಲಿ ಸಾಮಾನ್ಯವಾಗಿ ಒಪ್ಪಂದ ಇರಬೇಕು. ಎಷ್ಟು ಕೊಡುವುದು ಅನ್ನುವ ಲೆಕ್ಕ ಮೊದಲೇ ತೆರೆದಿರಬೇಕು. ಹಾಗೆ ಬರೆದಿಟ್ಟ ದಿನ ಹಳ್ಳಿ ಬಸ್ಸಿಗೆ 'ನಷ್ಟದ ಬಸ್' ಅನ್ನುವ ಹೆಸರು ಹೋಗುತ್ತದೆ. ಶಾಲೆಯನ್ನು ಯಾರೂ ನಷ್ಟದ ಶಾಲೆ ಅನ್ನುವುದಿಲ್ಲ ಅಲ್ವಾ?

ಇನ್ನು ನೀವು ಏನು ಮಾಡಬಹುದು ಅಂತ ಹೇಳುತ್ತೇನೆ. ಡಿಪೊ ಬಾಗಿಲಿಗೆ ಇನ್ನೊಮ್ಮೆ ಹೋಗುವುದು ಬೇಡ. ಗ್ರಾಮ ಪಂಚಾಯಿತಿಯಲ್ಲಿ ಒಂದು ನಿರ್ಣಯ ಮಾಡಿಸಿ. ಅದರ ಜೊತೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಬರೆಯಿರಿ. ಅವರನ್ನೂ 'ಡಿಸಿ' ಅಂತಲೇ ಕರೆಯುತ್ತಾರೆ, ಜಿಲ್ಲಾಧಿಕಾರಿಯ ಕಚೇರಿಗೆ ಹೋಗಿಬಿಡಬೇಡಿ. ನಿಂತ ಷೆಡ್ಯೂಲಿನ ಕೊನೆಯ ಆರು ತಿಂಗಳ ಕಲೆಕ್ಷನ್ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅದರಲ್ಲಿ ಶೂನ್ಯ ಟಿಕೆಟ್ಟಿನ ಹಣ ಸೇರಿದೆಯಾ ಅಂತ ಬೇರೆಯಾಗಿ ಕೇಳಿ. ಅದನ್ನು ಬಿಟ್ಟು ಲೆಕ್ಕ ಹಾಕಿದ್ದರೆ 'ಕಲೆಕ್ಷನ್ ಇಲ್ಲ' ಅನ್ನುವ ಮಾತಿಗೇ ಬಲವಿಲ್ಲ.

ಎರಡನೇ ಅರ್ಜಿ ಆರ್‌ಟಿಎ ಕಾರ್ಯದರ್ಶಿಗೆ, ಅಂದರೆ ನಿಮ್ಮ ಆರ್‌ಟಿಒಗೆ. ಮೂರು ಪ್ರಶ್ನೆ ಕೇಳಿ. ನಮ್ಮ ದಾರಿ ಯಾವ ಸ್ಕೀಮಿನಲ್ಲಿದೆ? ಆ ದಾರಿಗೆ ನಿಗಮ ಪರ್ಮಿಟ್ ಅರ್ಜಿ ಹಾಕಿದೆಯಾ? ಹಾಕಿಲ್ಲದಿದ್ದರೆ 104ನೇ ಕಲಂ ಪ್ರಕಾರ ತಾತ್ಕಾಲಿಕ ಪರ್ಮಿಟ್ ಯಾಕೆ ಕೊಡಬಾರದು? ಮಿನಿ ಬಸ್ ಹಾಕಲು ಬಂದವರು ಬಾಯಿಮಾತಿನಲ್ಲಿ ಕೇಳಿ ವಾಪಸ್ ಬಂದಿದ್ದರೆ ಈ ಸಲ ಬರಹದಲ್ಲಿ ಅರ್ಜಿ ಹಾಕಲಿ. ತಿರಸ್ಕಾರದ ಆದೇಶ ಕೈಗೆ ಬಂದರೆ ರಾಜ್ಯ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಬಾಯಿಮಾತಿನ 'ಇಲ್ಲ' ಹಿಡಿದುಕೊಂಡು ಎಲ್ಲಿಗೂ ಹೋಗಲಾಗದು. ಶಾಸಕರ ಹತ್ತಿರ ಮತ್ತೆ ಹೋದರೆ 102ನೇ ಕಲಂ ನೆನಪಿಸಿ. ಸಂಬಂಧಪಟ್ಟವರ ಮಾತು ಕೇಳಿ ಸ್ಕೀಮನ್ನೇ ತಿದ್ದುವ ಅಧಿಕಾರ ಅದರಲ್ಲಿ ರಾಜ್ಯ ಸರ್ಕಾರಕ್ಕಿದೆ.

ಎರಡೂ ಅರ್ಜಿಗೆ ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಕಲೆಕ್ಷನ್ ಲೆಕ್ಕ ಬಂದ ಮೇಲೆ ಅದರ ಪ್ರತಿಯೊಂದನ್ನು ನಮಗೂ ಕಳಿಸಿ. ಕೂತು ಒಟ್ಟಿಗೆ ನೋಡೋಣ.

— ಸಂಪಾದಕರು