ಹೇಳುವ ಬೆಲೆ, ಬಾಳುವ ಬೆಲೆ

ಪ್ರಶ್ನೆ: ಮೈಸೂರಿನಲ್ಲಿ ಒಂದು ಹಳೆಯ ಮನೆ ನೋಡಿದ್ದೇವೆ. 30x40 ಸೈಟು, 12 ಚದರದ (1,200 ಚದರ ಅಡಿಯ) ಮನೆ, ಕಟ್ಟಿ 22 ವರ್ಷವಾಗಿದೆ. 1 ಕೋಟಿ 35 ಲಕ್ಷ ಹೇಳುತ್ತಿದ್ದಾರೆ. ಪಕ್ಕದ ರಸ್ತೆಯ ಮನೆಗೆ 1 ಕೋಟಿ 40 ಲಕ್ಷ ಇದೆ, ಇದು ಅಗ್ಗ ಎನ್ನುತ್ತಾರೆ ಮಧ್ಯವರ್ತಿ. ಯಜಮಾನರ ನಿವೃತ್ತಿಯ ಹಣವೆಲ್ಲ ಇದಕ್ಕೇ ಹೋಗುತ್ತದೆ. ಬೆಲೆ ಜಾಸ್ತಿಯಾಯಿತೇ ಎಂದು ತಿಳಿಯುವುದು ಹೇಗೆ?

ಉತ್ತರ: ಅಮ್ಮಾ, ಪಕ್ಕದ ರಸ್ತೆಯ ಮನೆ 1 ಕೋಟಿ 40 ಲಕ್ಷಕ್ಕೆ ಮಾರಾಟವಾಗಿದೆಯೇ, ಅಥವಾ ಅಷ್ಟು ಹೇಳುತ್ತಿದ್ದಾರೆಯೇ? ಮೊದಲು ಇದನ್ನು ಕೇಳಿ. ಹೇಳುವ ಬೆಲೆಗೆ ಹೇಳುವ ಬೆಲೆಯನ್ನೇ ಸಾಕ್ಷಿ ತಂದರೆ ಅದು ಸಾಕ್ಷಿಯಾಗುವುದಿಲ್ಲ. ಆರು ತಿಂಗಳಿಂದ ಗೇಟಿಗೆ 'ಮಾರಾಟಕ್ಕಿದೆ' ಫಲಕ ನೇತುಹಾಕಿರುವ ಮನೆಯಾದರೆ, ಆ ಬೆಲೆಗೆ ಯಾರೂ ಒಪ್ಪಿಲ್ಲವೆಂದೇ ಅರ್ಥ.

ಮನೆಯನ್ನೂ ನೆಲವನ್ನೂ ಬೇರೆ ಬೇರೆಯಾಗಿ ತೂಗಿ ನೋಡಿ. ವರ್ಷ ಕಳೆದಂತೆ ನೆಲದ ಬೆಲೆ ಏರಬಹುದು, ಕಟ್ಟಡ ಮಾತ್ರ ಸವೆಯುತ್ತಲೇ ಹೋಗುತ್ತದೆ. ಇಂದು ಅಂಥದೇ ಮನೆ ಕಟ್ಟಿಸಲು ಚದರಕ್ಕೆ 2 ಲಕ್ಷ ಎಂದು ಹಿಡಿದರೆ 12 ಚದರಕ್ಕೆ 24 ಲಕ್ಷ. ಕಾಂಕ್ರೀಟ್ ಕಟ್ಟಡದ ಆಯುಸ್ಸು ಸುಮಾರು 60 ವರ್ಷವೆಂದು ಲೆಕ್ಕ ಹಾಕುವುದು ರೂಢಿ. 22 ವರ್ಷದ ಸವಕಳಿ ಕಳೆದರೆ ಕಟ್ಟಡಕ್ಕೆ ಉಳಿಯುವುದು ಸುಮಾರು 15 ಲಕ್ಷ. ಮಿಕ್ಕ 1 ಕೋಟಿ 20 ಲಕ್ಷವನ್ನು ನೀವು 1,200 ಚದರ ಅಡಿ ನೆಲಕ್ಕೆ ಕೊಡುತ್ತಿದ್ದೀರಿ, ಎಂದರೆ ಅಡಿಗೆ 10,000 ರೂಪಾಯಿ. ಅದೇ ಬಡಾವಣೆಯಲ್ಲಿ, ಅಷ್ಟೇ ಅಗಲದ ರಸ್ತೆಗೆ ಮುಖ ಮಾಡಿದ ಖಾಲಿ ಸೈಟು ಈಚೆಗೆ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಿ. 7,500ಕ್ಕೆ ಹೋಗಿದ್ದರೆ ನಿಮಗೆ 30 ಲಕ್ಷ ಜಾಸ್ತಿ ಹೇಳಿದ್ದಾರೆ. ಅಂಗಡಿಯವರು, ಇಸ್ತ್ರಿಯವರು, ಎದುರು ಮನೆಯ ಹಿರಿಯರು ಹೀಗೆ ನಾಲ್ಕು ಕಡೆ ಕೇಳಿದರೆ ನಿಜವಾದ ಅಂಕಿ ಹೊರಬೀಳುತ್ತದೆ.

ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ಸಾಲ, ಅಡಮಾನ ನೋಡಲು ಮಾತ್ರ ಅದನ್ನು ತೆಗೆಸುವುದೆಂದು ಹಲವರು ತಿಳಿದಿದ್ದಾರೆ. ಈ ಮನೆ ಹಿಂದೆ ಯಾವಾಗ, ಎಷ್ಟಕ್ಕೆ ಕ್ರಯವಾಯಿತು ಎಂಬುದೂ ಅದರಲ್ಲಿ ಇರುತ್ತದೆ. ಎರಡೇ ವರ್ಷದ ಹಿಂದೆ ಕೊಂಡವರು ಈಗ ಬಹಳ ಏರಿಸಿ ಹೇಳುತ್ತಿದ್ದರೆ ಕಾರಣ ಕೇಳಲು ನಿಮಗೆ ಹಕ್ಕಿದೆ. ಆದರೆ ಪತ್ರದಲ್ಲಿ ಬರೆದ ಮೊತ್ತವೇ ಕೊಟ್ಟ ಪೂರ್ತಿ ಮೊತ್ತವೆಂದು ನಂಬಬೇಡಿ, ಕಡಿಮೆ ಬರೆಸುವ ಕೆಟ್ಟ ಚಾಳಿ ನಮ್ಮಲ್ಲಿದೆ. ಸರ್ಕಾರದ ಮಾರ್ಗಸೂಚಿ ದರವೂ ಅಷ್ಟೇ. ಅದು ಮುದ್ರಾಂಕ ಶುಲ್ಕಕ್ಕೆ ಇಟ್ಟ ಕನಿಷ್ಠ ದರ, ಮಾರುಕಟ್ಟೆಯ ಬೆಲೆಯಲ್ಲ. ರಾಜ್ಯದಲ್ಲಿ ಅದನ್ನು 2023ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದ್ದರು.

ಮನೆಯನ್ನು ಮಧ್ಯಾಹ್ನವೊಮ್ಮೆ, ಮಳೆ ಬಂದ ಮರುದಿನ ಇನ್ನೊಮ್ಮೆ ನೋಡಿ. ಒಮ್ಮೆ ನಾನು ಮೌಲ್ಯಮಾಪನಕ್ಕೆ ಹೋದ ಮನೆಯಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಮಲಗುವ ಕೋಣೆಯ ಬೀರುವನ್ನು ಸರಿಸಿದಾಗ, ಹಿಂದಿನ ಗೋಡೆ ಮೊಣಕಾಲೆತ್ತರದವರೆಗೆ ಬೊಬ್ಬೆ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿದೆ, ಗಾರೆ ಮರಳಿನಂತೆ ಉದುರಿತು. ನೆಲದಿಂದ ತೇವ ಏರುತ್ತಿತ್ತು. ಆ ಮನೆ ಕೊಳ್ಳುವವರು ಹೊಸ ಬಣ್ಣಕ್ಕೂ ಸೇರಿಸಿ ಹಣ ಕೊಡಲು ಸಿದ್ಧರಾಗಿದ್ದರು! ಬೀರು, ಕ್ಯಾಲೆಂಡರ್, ದೊಡ್ಡ ಚಿತ್ರಪಟ ಇವುಗಳ ಹಿಂದೆ ತಪ್ಪದೆ ನೋಡಿ. ತಾರಸಿಗೂ ಹತ್ತಿ.

ನೋಂದಣಿಯ ಖರ್ಚನ್ನು ಮರೆಯಬೇಡಿ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ, ಪತ್ರದಲ್ಲಿ ಪೂರ್ತಿ ಬೆಲೆ ಬರೆಸಿದರೆ ಹತ್ತು ಲಕ್ಷಕ್ಕೂ ಮಿಕ್ಕುತ್ತದೆ. ಹೇಳಿದ ಬೆಲೆಗೇ ಒಪ್ಪಿದರೆ ನಿಮ್ಮ ಕೈಬಿಡುವ ಹಣ 1 ಕೋಟಿ 45 ಲಕ್ಷ ದಾಟುತ್ತದೆ.

ಸಾಲ ಬೇಕಿಲ್ಲದಿದ್ದರೂ ಬ್ಯಾಂಕುಗಳಿಗೆ ಕೆಲಸ ಮಾಡುವ ನೋಂದಾಯಿತ ಮೌಲ್ಯಮಾಪಕರೊಬ್ಬರನ್ನು ನೀವೇ ಹುಡುಕಿ, ನೀವೇ ಶುಲ್ಕ ಕೊಟ್ಟು ವರದಿ ಬರೆಸಿ. ಮಧ್ಯವರ್ತಿ ತೋರಿಸಿದವರು ಬೇಡ. 'ನಿನ್ನೆ ಇನ್ನೊಂದು ಪಾರ್ಟಿ ಬಂದು ನೋಡಿ ಹೋಗಿದೆ' ಎಂಬ ಮಾತು ಖಂಡಿತ ಬರುತ್ತದೆ. ಬರಲಿ. ವರದಿ ಕೈಗೆ ಸಿಗುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.