ಬೆಳಗಾವಿಯಿಂದ ಕಲಬುರಗಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಕಲಬುರಗಿ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 295 ಕಿ.ಮೀ., ಅಂದರೆ 160 ನಾಟಿಕಲ್ ಮೈಲಿ. ಈ ಗೆರೆ ಮುಧೋಳದ ಆಸುಪಾಸಿನಲ್ಲಿ ಹಾದು, ಬಾಗಲಕೋಟೆಯನ್ನು ಬಲಕ್ಕೂ ವಿಜಯಪುರವನ್ನು ಎಡಕ್ಕೂ ಬಿಟ್ಟು ಈಶಾನ್ಯಕ್ಕೆ ಸಾಗುತ್ತದೆ. ರಸ್ತೆಯಲ್ಲಾದರೆ ಇನ್ನೂ ಅರವತ್ತು, ಎಪ್ಪತ್ತು ಕಿ.ಮೀ. ಹೆಚ್ಚು.

ಸಣ್ಣ ನಿಲ್ದಾಣಗಳ ನಡುವೆ ಹೆಚ್ಚಾಗಿ ಹಾರುವ ಎಟಿಆರ್-72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಬರೀ ಭಾಗಾಕಾರ ಮಾಡಿದರೆ ಸುಮಾರು 35 ನಿಮಿಷ ಬರುತ್ತದೆ. ಆದರೆ ಅದನ್ನು ನಂಬಬೇಡಿ. ಮೇಲೇರುವಾಗ, ಕೆಳಗಿಳಿಯುವಾಗ ಆ ವೇಗ ಇರುವುದಿಲ್ಲ. ಜೊತೆಗೆ ಗಾಳಿಯ ಕಾಟ. ಸಾಂಬ್ರಾದ ಓಡುದಾರಿ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿದೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಮೊದಲು ಪಶ್ಚಿಮಕ್ಕೆ ನೆಗೆದು, ಆಮೇಲೆ ಕಲಬುರಗಿಯತ್ತ ತಿರುಗಬೇಕು. ಹಾಗಾಗಿ ಆಕಾಶದಲ್ಲಿ 45ರಿಂದ 50 ನಿಮಿಷ ಎಂದುಕೊಳ್ಳಿ. ವೇಳಾಪಟ್ಟಿಯಲ್ಲಿ ನೆಲದ ಮೇಲಿನ ಓಡಾಟವೂ ಸೇರುವುದರಿಂದ ಒಂದು ಗಂಟೆಗೆ ಹತ್ತಿರದ ಅಂಕಿ ಕಂಡರೆ ಅಚ್ಚರಿಪಡಬೇಕಿಲ್ಲ.

ಇದೆಲ್ಲ ನೇರ ವಿಮಾನದ ಲೆಕ್ಕ. ಬೆಂಗಳೂರಿನಲ್ಲಿ ಇಳಿದು ಹತ್ತುವ ಟಿಕೆಟ್ ಆದರೆ ಹಾರಾಟವೇ ಸುಮಾರು 900 ಕಿ.ಮೀ., ಮೂರು ಪಟ್ಟು! ನಡುವಿನ ಕಾಯುವಿಕೆ ಬೇರೆ. ಅದಕ್ಕಿಂತ ವಿಜಯಪುರದ ಮೇಲೆ ಹೋಗುವ ರಾತ್ರಿ ಬಸ್ಸೇ ವಾಸಿ ಎಂಬುದು ನನ್ನ ಅಭಿಪ್ರಾಯ.